ಸಹಾಯ ಬೇಕು: ಪೀಟರ್ ದೊರೆಯ ತಲೆಗಂದಾಯದ ಬಗ್ಗೆ ಓದಲು ಏನಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ರಷ್ಯಾದ ಪೀಟರ್ ದೊರೆಯ ತೆರಿಗೆಗಳ ಬಗ್ಗೆ ಮಾತಾಡಲು ಒಪ್ಪಿಕೊಂಡಿದ್ದೇನೆ. ಗಡ್ಡದ ತೆರಿಗೆ, 1705ರ ಆದೇಶ, ಹಣ ಕಟ್ಟಿದವರಿಗೆ ಕೊಡುತ್ತಿದ್ದ ಬಿಲ್ಲೆ, ಅದೆಲ್ಲ ಸಿಕ್ಕಿದೆ. ಕೇಳಲು ಮಜಾ, ಅಷ್ಟೇ. ನನಗೆ ಬೇಕಿರುವುದು ತಲೆಗಂದಾಯದ ವಿಷಯ.

ಮೊದಲು ಮನೆ ಲೆಕ್ಕದಲ್ಲಿ ತೆರಿಗೆ ಇತ್ತು. ಜನ ಸುಮ್ನೆ ಇರ್ತಾರಾ? ಎರಡು ಮೂರು ಸಂಸಾರ ಒಂದೇ ಬೇಲಿಯೊಳಗೆ ಸೇರಿಕೊಂಡು ಒಂದೇ ಮನೆ ಅಂದುಬಿಟ್ಟರು! 1710ರ ಎಣಿಕೆಯಲ್ಲಿ ಮನೆಗಳ ಸಂಖ್ಯೆ 1678ಕ್ಕಿಂತ ಕಡಿಮೆ ಬಂತು. ಸೈನ್ಯದ ಖರ್ಚು ಮಾತ್ರ ಏರುತ್ತಲೇ ಇತ್ತು. 1718ರಲ್ಲಿ ಗಂಡಸರ ತಲೆ ಎಣಿಸಲು ಆದೇಶವಾಯಿತು, 1724ರಿಂದ ವಸೂಲಿ. ಜಮೀನ್ದಾರರ ರೈತರಿಗೆ ತಲೆಗೆ 74 ಕೊಪೆಕ್ (ನೂರು ಕೊಪೆಕ್ ಸೇರಿದರೆ ಒಂದು ರೂಬಲ್), ಸರ್ಕಾರಿ ರೈತರಿಗೆ ಅದರ ಮೇಲೆ ಇನ್ನೂ 40. ತೊಟ್ಟಿಲ ಕೂಸು, ಹಣ್ಣು ಮುದುಕ ಎಲ್ಲರೂ ಲೆಕ್ಕಕ್ಕೆ. ಸತ್ತವನ ಹೆಸರೂ ಮುಂದಿನ ಎಣಿಕೆವರೆಗೆ ಪಟ್ಟಿಯಲ್ಲೇ. ಕಟ್ಟಬೇಕಾದವರು ಬದುಕಿರುವವರೇ ಅಲ್ವಾ! ಪ್ರಭುಗಳಿಗೆ ವಿನಾಯಿತಿ ಇತ್ತು.

ಈ ಹೊರೆಯನ್ನು ಊರಿನವರೇ ಸೇರಿ ಮನೆಮನೆಗೆ ಹಂಚಿಕೊಳ್ಳುತ್ತಿದ್ದ ಬಗೆಯನ್ನು ಒಂದು ಹಳ್ಳಿಯ ಉದಾಹರಣೆ ಸಮೇತ ತೋರಿಸುವ ಪುಸ್ತಕವೋ ಲೇಖನವೋ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ. ರಷ್ಯನ್ ಬಲ್ಲವರು, ಅದರಲ್ಲೂ 18ನೇ ಶತಮಾನದ ಕೈಬರಹ ಓದಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ? ಒಂದು ಎಣಿಕೆ ಪಟ್ಟಿಯ ಪುಟದ ಫೋಟೋ ನನ್ನ ಬಳಿ ಇದೆ. ಹೆಸರು, ವಯಸ್ಸು ಬಿಡಿಸಿ ಹೇಳಿದರೆ ಸಾಕು. ಕಾಮೆಂಟಿನಲ್ಲಿ ಹೇಳಿ, ಫೋಟೋ ಕಳಿಸುತ್ತೇನೆ.