ಅಂಗಳದಲ್ಲೇ ಗೇರ್‌ಬಾಕ್ಸ್ ಇಳಿಸುವ ಮುನ್ನ

ಉಡುಪಿಯಿಂದ ಪ್ರಶ್ನೆ:
ಹಳೆಯ ಮಾರುತಿ 800. ಕ್ಲಚ್ ಜಾರುತ್ತಿದೆ, ಏರು ಬಂದರೆ ಇಂಜಿನ್ ಕೂಗುತ್ತದೆಯೇ ಹೊರತು ಕಾರು ಎಳೆಯುವುದಿಲ್ಲ. ಗೇರ್‌ಬಾಕ್ಸ್ ಇಳಿಸಿ, ಅದಕ್ಕೂ ಇಂಜಿನ್ನಿಗೂ ನಡುವೆ ಇರುವ ಕ್ಲಚ್ ಪ್ಲೇಟನ್ನು ಮನೆಯಲ್ಲೇ ಬದಲಿಸಬೇಕೆಂದಿದ್ದೇನೆ. ಕಾರಿನ ಜೊತೆ ಬಂದ ಜಾಕ್ ಇದೆ, ಮನೆ ಕಟ್ಟಿ ಉಳಿದ ಕೆಂಪು ಕಲ್ಲುಗಳಿವೆ. ಮಾಡಿ ಗೊತ್ತಿರುವವರು ಹೇಳಿ.

ಸುರತ್ಕಲ್‌ನಿಂದ:
ಆ ಕಲ್ಲುಗಳನ್ನು ತೆಂಗಿನ ಕಟ್ಟೆಗೆ ಬಳಸಿ, ಮಾರಾಯರೇ. ಗೋಡೆಯಲ್ಲಿ ಭಾರ ಹರಡಿರುತ್ತದೆ, ಕಲ್ಲು ತಾಳುತ್ತದೆ. ಒಂದೇ ಕಡೆ ಒತ್ತಿದರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಸಿಮೆಂಟ್ ಬ್ಲಾಕಿನದೂ ಅದೇ ಕಥೆ. ಕಾರಿನ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಟ್ರಾಲಿ ಜಾಕ್‌ನಿಂದ ಎತ್ತಿ, ಜಾಕ್ ಸ್ಟ್ಯಾಂಡ್‌ಗಳ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲುಗಳು) ಮೇಲೆ ಇಳಿಸಿ, ಪಕ್ಕದಲ್ಲಿ ನಿಂತು ಕಾರನ್ನು ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ನೀವು ಅಡಿಗೆ ಹೋಗುವ ಮೊದಲೇ ಬೀಳಲಿ. ಕಾಂಕ್ರೀಟ್ ನೆಲವಿಲ್ಲದಿದ್ದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಬೇಕು. ಒಂದು ಮಳೆ ಬಿದ್ದರೂ ನಮ್ಮ ಮಣ್ಣು ಕುಸಿಯುತ್ತದೆ. ಸ್ಟ್ಯಾಂಡ್ ಇಡುವ ಜಾಗವನ್ನು ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ ನೋಡಿ. ಕಡಲ ಗಾಳಿಗೆ ಒಳಗೊಳಗೇ ತುಕ್ಕು ತಿಂದ ತಗಡು ಹೊರಗೆ ಬಣ್ಣದಿಂದ ಗಟ್ಟಿಯಾಗಿ ಕಾಣುತ್ತದೆ.

ಮುಂಭಾಗ ಎತ್ತಿದ ಮೇಲೆ, ಗೇರಿನಲ್ಲಿದೆ ಎಂಬ ಧೈರ್ಯ ಬೇಡ. ಈ ಕಾರಿನ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಅವು ಗಾಳಿಯಲ್ಲಿವೆ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ, ನಿಜ. ಆದರೂ ಆ ಚಕ್ರಗಳ ಹಿಂದೂ ಮುಂದೂ ಮರದ ಬೆಣೆ ಕೊಡಿ. ಬಿಗಿಯಾದ ಚಕ್ರದ ನಟ್ಟುಗಳನ್ನು ನೆಲದಲ್ಲಿರುವಾಗಲೇ ಸಡಿಲಿಸಿ. ಸ್ಟ್ಯಾಂಡ್ ಮೇಲೇರಿಸಿ ಉದ್ದ ಪೈಪ್ ಸಿಕ್ಕಿಸಿ ಜಗ್ಗಿದರೆ ಬರುವುದು ನಟ್ಟಲ್ಲ, ಕಾರು.

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ. ಸ್ಟಾರ್ಟರ್‌ನ ದಪ್ಪ ತಂತಿಯಲ್ಲಿ ಕೀಲಿ ತೆಗೆದಿದ್ದರೂ ಕರೆಂಟ್ ಇರುತ್ತದೆ. ಗೇರ್‌ಬಾಕ್ಸ್ ಮೌಂಟ್ (ಅದನ್ನು ಕಾರಿಗೆ ಹಿಡಿದಿಡುವ ಆಧಾರ) ಬಿಚ್ಚುವ ಮುನ್ನ ಇಂಜಿನ್ನನ್ನು ಅಡ್ಡ ಸರಳಿಗೆ ಕಟ್ಟಿ ಹಿಡಿಯಿರಿ, ಇಲ್ಲವಾದರೆ ವಾಲುತ್ತದೆ. ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಳ್ಳುವ ಶೂರರನ್ನು ನೋಡಿದ್ದೇನೆ. ಅನುಕರಿಸಬೇಡಿ, ಅದರಡಿ ಇನ್ನೊಂದು ಜಾಕ್ ಇಡಿ.

ಕಾರ್ಕಳದಿಂದ:
ಕ್ಲಚ್ಚಿನವರೆಗೆ ಸರಿ, ಇಂಜಿನ್ನನ್ನೇ ಇಳಿಸುವ ಆಸೆ ಬೇಡ. ಹಂಚಿನ ಮಾಡಿನ ಪಕ್ಕಾಸಿಗೆ, ಅಂದರೆ ಹಂಚು ಹೊರುವ ಮರದ ಪಟ್ಟಿಗೆ, ಚೈನ್ ಪುಲ್ಲಿ ಕಟ್ಟುವವರಿದ್ದಾರೆ. ಪಕ್ಕಾಸು ಹಂಚಿನ ಭಾರಕ್ಕೆಂದು ಇಟ್ಟದ್ದು. ಅಂಥ ಕೆಲಸಕ್ಕೆ ಗ್ಯಾರೇಜಿದೆ.

ಕದ್ರಿಯಿಂದ:
ನಮ್ಮವರು ಇದೇ ಹುಚ್ಚಿನವರು, ಆದ್ದರಿಂದ ನನ್ನ ಷರತ್ತುಗಳು. ಕಾರಿನಡಿ ಹೋಗುವಾಗ ಮನೆಯಲ್ಲಿ ಇನ್ನೊಬ್ಬರು ಇರಬೇಕು, ಮೊಬೈಲ್ ಕೈಗೆಟುಕಬೇಕು. ಮಳೆ ಎಂದು ಶೆಡ್ಡಿನ ಬಾಗಿಲು ಹಾಕಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒದ್ದೆ ನೆಲದಲ್ಲಿ ವಯರ್ ಎಳೆದ ಬಲ್ಬ್ ಬೇಡ, ಬ್ಯಾಟರಿ ದೀಪ ಸಾಕು. ಇಳಿಸಿದ ಗೇರ್ ಆಯಿಲ್ ಕ್ಯಾನಿಗೆ ಹೋಗಬೇಕು, ತೆಂಗಿನ ಬುಡಕ್ಕಲ್ಲ. ಬಾವಿ ಇರುವುದು ಅದೇ ಅಂಗಳದಲ್ಲಿ.

ಮತ್ತೆ ಸುರತ್ಕಲ್‌ನಿಂದ:
ಒಂದು ಬಿಟ್ಟುಹೋಯಿತು. ಕ್ಲಚ್ಚಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಪ್ಲೇಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದು ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿ. ಫ್ಲೈವೀಲ್‌ನಲ್ಲಿ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ನಿನ ಭಾರಿ ಚಕ್ರ) ಗೀರು ಬಿದ್ದಿದ್ದರೆ ಲೇತ್‌ಗೆ ಕೊಡಿ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಅದನ್ನು ಬಿಡಿಸುವ ಬೇರಿಂಗ್ ಎರಡನ್ನೂ ಈಗಲೇ ಬದಲಿಸಿ. ಅಷ್ಟಕ್ಕಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸುವುದು ಯಾರಿಗೆ ಬೇಕು?