ಮೂರು ದಿನದ ಹೆಲ್ತ್ ಕ್ಯಾಂಪ್‌ನಿಂದ ಹಳ್ಳಿಗೆ ನಿಜಕ್ಕೂ ಉಪಯೋಗ ಆಗುತ್ತಾ?

ಹೊಸಬ:
ನಾವು ಹದಿನಾಲ್ಕು ಜನ ಸ್ನೇಹಿತರು. ಇಬ್ಬರು ಡಾಕ್ಟರು, ಒಬ್ಬರು ನರ್ಸ್, ಒಬ್ಬ ಫಾರ್ಮಸಿಸ್ಟ್. ಉಳಿದ ನಾವೆಲ್ಲ ಹೇಳಿದ ಕೆಲಸ ಮಾಡುವವರು. ಆಸ್ಪತ್ರೆ ತುಂಬಾ ದೂರ ಇರುವ ಒಂದು ಹಳ್ಳಿಗೆ ಹೋಗಿ ಮೂರು ದಿನ ಉಚಿತ ತಪಾಸಣೆ ಮಾಡಿ, ಹಾಗೇ ಒಂದು ನೀರಿನ ಫಿಲ್ಟರ್ ಕೂರಿಸಿ ಬರೋಣ ಅಂತ ಪ್ಲಾನ್. ಮಾತ್ರೆಗಳನ್ನು ಸಿಕ್ಕಸಿಕ್ಕ ಕಡೆಯಿಂದ ಕೂಡಿಹಾಕುತ್ತಿದ್ದೇವೆ, ಎರಡು ದೊಡ್ಡ ಡಬ್ಬ ಆಗಲೇ ತುಂಬಿವೆ. ಮೊನ್ನೆ ನಮ್ಮಲ್ಲೇ ಒಬ್ಬ "ಫೋಟೋ ತೆಗೆಸಿಕೊಂಡು ಬರೋದಕ್ಕೆ ಇಷ್ಟೆಲ್ಲಾ ಯಾಕೆ" ಅಂದುಬಿಟ್ಟ. ಬೇಜಾರಾಯಿತು, ಆದರೆ ಅವನಿಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ಇಂಥ ಕ್ಯಾಂಪ್ ಮಾಡಿದವರು ಇದ್ದರೆ ನೇರವಾಗಿ ಹೇಳಿ.

ವಾರ್ಡ್ ಸಿಸ್ಟರ್:
ನೇರವಾಗಿಯೇ ಹೇಳುತ್ತೇನೆ. ನಾನು ಹೋಗಿದ್ದ ಒಂದು ಕ್ಯಾಂಪ್‌ಗೆ ಒಬ್ಬ ಅಜ್ಜಿ ಬಟ್ಟೆ ಚೀಲ ಹಿಡಿದು ಬಂದರು. ಮೇಜಿನ ಮೇಲೆ ಸುರಿದರು. ಮೂರು ಬೇರೆ ಬೇರೆ ಕ್ಯಾಂಪ್‌ಗಳಲ್ಲಿ ಕೊಟ್ಟ ಮಾತ್ರೆಗಳು. ಅದರಲ್ಲಿ ಎರಡು ಸ್ಟ್ರಿಪ್ ಬಿಪಿಗೆ ಕೊಡುವ ಅಮ್ಲೋಡಿಪಿನ್, ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧಿ ಒಂದೇ. ಎರಡನ್ನೂ ನುಂಗುತ್ತಿದ್ದರು. ಅಮ್ಲೋಡಿಪಿನ್‌ನಿಂದ ಕಾಲು ಊದಿಕೊಳ್ಳುವುದು ಗೊತ್ತಿರುವ ವಿಷಯ, ಡೋಸ್ ಜಾಸ್ತಿಯಾದಷ್ಟೂ ಜಾಸ್ತಿ. ಅಜ್ಜಿಯ ಕಾಲು ಊದಿತ್ತು, ಅದನ್ನು ನೋಡಿ ಮೂರನೇ ಕ್ಯಾಂಪಿನವರು ಮೂತ್ರ ಜಾಸ್ತಿ ಹೋಗುವ ಮಾತ್ರೆ ಬೇರೆ ಕೊಟ್ಟಿದ್ದರು! ಯಾರದ್ದೂ ಕೆಟ್ಟ ಉದ್ದೇಶ ಅಲ್ಲ, ಆದರೆ ಒಬ್ಬರೂ ಒಂದು ಚೀಟಿ ಬರೆದಿರಲಿಲ್ಲ.

ಅದಕ್ಕೇ ಹೇಳುವುದು, ಬಿಪಿ, ಶುಗರ್ ನೋಡುವುದಾದರೆ ಆ ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಯಾರಿಗೆ ಏನು ಕೊಟ್ಟಿರಿ ಅನ್ನುವ ಪಟ್ಟಿ ಅವರ ಕೈಯಲ್ಲಿ ಉಳಿಯಬೇಕು. ಮೂವತ್ತು ದಿನದ ಮಾತ್ರೆ ಕೊಟ್ಟು ಬಂದರೆ ಮೂವತ್ತೊಂದನೇ ದಿನ ಏನು? ಇನ್ನು ನಿಮ್ಮ ಡಬ್ಬದ ವಿಷಯ. ಬೇರೆ ದೇಶಕ್ಕೆ ದಾನವಾಗಿ ಕಳಿಸುವ ಔಷಧಿ ಅಲ್ಲಿ ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದೆ. ನೀವು ಹತ್ತಿರದ ಹಳ್ಳಿಗೇ ಹೋಗುತ್ತಿರಬಹುದು, ಆದರೂ ಇವತ್ತೇ ಕೂತು ತಾರೀಕು ನೋಡಿ.

ಪೈಪ್‌ಲೈನ್:
ಸಿಸ್ಟರ್ ಮಾತ್ರೆ ನೋಡಿಕೊಂಡರು, ನಾನು ನೀರು ನೋಡಿಕೊಳ್ಳುತ್ತೇನೆ. ಫಿಲ್ಟರ್ ಯಾವುದು ಅಂತ ಆಮೇಲೆ, ಮೊದಲು ಆ ನೀರಲ್ಲಿ ಏನಿದೆ ಅಂತ ಗೊತ್ತಾ? ಕಾಯಿಲೆ ತರುವ ರೋಗಾಣು ಇದ್ದರೆ ಕುದಿಸಬಹುದು, ಕ್ಲೋರಿನ್ ಹಾಕಬಹುದು. ಫ್ಲೋರೈಡ್ ಅಥವಾ ಆರ್ಸೆನಿಕ್ ಇದ್ದರೆ ಕುದಿಸಿ ಪ್ರಯೋಜನ ಇಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕಣ್ಣಿಗೆ ಎರಡೂ ಕಾಣಿಸುವುದಿಲ್ಲ, ರುಚಿಗೂ ಸಿಗುವುದಿಲ್ಲ. ಬಾಂಗ್ಲಾದೇಶದಲ್ಲಿ 1970ರ ದಶಕದಲ್ಲಿ ಕೆರೆನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದಾರೆ ಅಂತ ಒಳ್ಳೆಯ ಮನಸ್ಸಿನಿಂದಲೇ ಲೆಕ್ಕವಿಲ್ಲದಷ್ಟು ಕೊಳವೆಬಾವಿ ತೋಡಿಸಿದರು, ನೀರು ಕನ್ನಡಿಯಂತೆ ತಿಳಿಯಾಗಿತ್ತು, ಅದರಲ್ಲಿ ಆರ್ಸೆನಿಕ್ ಇದೆ ಅಂತ ಅಲ್ಲಿ ಗೊತ್ತಾಗಿದ್ದು 1993ರಲ್ಲಿ. ಅಷ್ಟರಲ್ಲಿ ಜನ ವರ್ಷಗಟ್ಟಲೆ ಕುಡಿದಾಗಿತ್ತು. ಲ್ಯಾಬ್‌ಗೆ ಒಂದು ಬಾಟಲಿ ಕಳಿಸುವ ಕೆಲಸ ಕ್ಯಾಂಪ್‌ಗಿಂತ ಮೊದಲೇ ಆಗಬೇಕು.

ಎರಡನೆಯದು ರಿಪೇರಿ. ನಾವೇ ಒಂದು ಊರಲ್ಲಿ ಕೈಪಂಪ್ ಹಾಕಿಸಿ ಬಂದಿದ್ದೆವು. ವರ್ಷ ಕಳೆದು ಹೋದರೆ ಹಿಡಿ ಮೇಲೆ ಕೆಳಗೆ ಸುಮ್ನೆ ಆಡುತ್ತಿದೆ, ನೀರಿಲ್ಲ. ಒಳಗೆ ವಾಷರ್ ಸವೆದಿತ್ತು. ಅಂಗೈ ಅಗಲವೂ ಇಲ್ಲದ ವಾಷರ್! ಅದು ಎಲ್ಲಿ ಸಿಗುತ್ತದೆ, ಹೇಗೆ ಬಿಚ್ಚಬೇಕು ಅಂತ ಯಾರಿಗೂ ನಾವು ಹೇಳಿರಲಿಲ್ಲ. ನಮ್ಮ ಹೆಸರಿನ ಬೋರ್ಡ್ ಮಾತ್ರ ಚೆನ್ನಾಗಿಯೇ ಇತ್ತು, ನೋಡಿ ನಾಚಿಕೆಯಾಯಿತು. ಹೆಂಗಸರು ಮತ್ತೆ ಹಳೇ ಹೊಂಡಕ್ಕೇ ಹೋಗುತ್ತಿದ್ದರು.

ಚಾಳೀಸು:
ನೀವಿಬ್ಬರೂ ಪಾಪ ಅವರನ್ನು ಹೆದರಿಸಿ ಓಡಿಸುತ್ತೀರಿ :) ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸಗಳೂ ಇವೆ ಅಲ್ವಾ? ನಲವತ್ತು ದಾಟಿದವರಿಗೆ ಓದುವ ಕನ್ನಡಕ, ಕಿವಿಯ ಗುಗ್ಗೆ ತೆಗೆಯುವುದು. ಕನ್ನಡಕ ಹಾಕಿದ ತಕ್ಷಣ ಒಬ್ಬರು ಸೂಜಿಗೆ ದಾರ ಪೋಣಿಸಿ ತೋರಿಸಿದರು, ಆಮೇಲೆ ಸೂಜಿ ಪಕ್ಕದವರ ಕೈಗೆ ಹೋಯಿತು, ಕ್ಯೂನಲ್ಲಿದ್ದವರೆಲ್ಲಾ ಪೋಣಿಸಿ ನೋಡಿದರು. ಅದಕ್ಕೆ ಫಾಲೋಅಪ್ ಏನೂ ಬೇಕಿಲ್ಲ.

ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮಲ್ಲಿ ಹತ್ತು ಜನಕ್ಕೆ ವೈದ್ಯಕೀಯ ಗೊತ್ತಿಲ್ಲ, ಬರೀ ಕ್ಯೂ ನಿಲ್ಲಿಸುವುದಾ ನಮ್ಮ ಕೆಲಸ?

ವಾರ್ಡ್ ಸಿಸ್ಟರ್:
ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಸಕ್ಕರೆ-ಉಪ್ಪಿನ ನೀರು ಮಾಡುವುದನ್ನು ಕಲಿಸಿ. ಪ್ಯಾಕೆಟ್ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ, ಆದ್ದರಿಂದ ಬಾಯಲ್ಲಿ ಹೇಳಿದರೆ ಸಾಲದು, ಅವರ ಕೈಯಲ್ಲೇ ಅಳೆಸಿ, ಕಲಸಿಸಿ, ರುಚಿ ನೋಡಿಸಿ. ಕಣ್ಣೀರಿಗಿಂತ ಉಪ್ಪಾಗಿರಬಾರದು. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥದ್ದೇ ದ್ರಾವಣವನ್ನು ಡ್ರಮ್‌ಗಳಲ್ಲಿ ತುಂಬಿಸಿಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು 30% ಇದ್ದ ಸಾವು 4%ಗಿಂತ ಕೆಳಗಿಳಿಯಿತು. ಕುಡಿಸಿದವರು ಡಾಕ್ಟರಲ್ಲ, ತಾಯಂದಿರು, ಅಣ್ಣತಮ್ಮಂದಿರು.

ಹೊಸಬ:
ಅಪ್‌ಡೇಟ್. ಡಬ್ಬ ಸುರಿದು ನೋಡಿದೆವು, ಅರ್ಧದಷ್ಟು ಸ್ಟ್ರಿಪ್‌ಗಳ ಅವಧಿ ಎರಡು ತಿಂಗಳಲ್ಲಿ ಮುಗಿಯುತ್ತದೆ. ಫಿಲ್ಟರ್ ಆರ್ಡರ್ ನಿಲ್ಲಿಸಿದ್ದೇವೆ, ನೀರಿನ ಬಾಟಲಿ ಲ್ಯಾಬ್‌ಗೆ ಹೋಗಿದೆ. ಅಲ್ಲಿನ ಆರೋಗ್ಯ ಕಾರ್ಯಕರ್ತೆಗೆ ಫೋನ್ ಮಾಡಿ ನಿಮಗೇನು ಬೇಕು ಅಂತ ಕೇಳಿದೆ. "ಬಿಪಿ ನೋಡಲು ನಾನಿದ್ದೀನಲ್ಲ, ಹಲ್ಲು ನೋಡುವವರು ಯಾರಾದರೂ ಇದ್ದರೆ ಕರೆತನ್ನಿ, ಜನ ರಾತ್ರಿಯೆಲ್ಲಾ ದವಡೆ ಹಿಡಿದು ಕೂರುತ್ತಾರೆ" ಅಂದರು. ನಮ್ಮ ಪಟ್ಟಿಯಲ್ಲಿ ಹಲ್ಲು ಇರಲೇ ಇಲ್ಲ.

ಇಲ್ಲಿ ಯಾರಾದರೂ ಹಲ್ಲಿನ ಡಾಕ್ಟರ್ ಇದ್ದೀರಾ?