ಅಪ್‌ಡೇಟ್: ಅಮ್ಮನ ಒಡವೆ ಬ್ಯಾಂಕಿನಲ್ಲೇ ಅಡ ಇಟ್ಟೆವು

ತಂಗಿಯ ಕಾಲೇಜು ಫೀಸಿಗೆ ಅಮ್ಮನ ಸರ, ಬಳೆ ಗಿರವಿ ಅಂಗಡಿಯಲ್ಲಿ ಇಡೋದಾ, ಬ್ಯಾಂಕಿನಲ್ಲಾ ಎಂದು ಕೇಳಿದ್ದೆ. ಬ್ಯಾಂಕಿನಲ್ಲೇ ಇಟ್ಟೆವು. ಅಂಗಡಿಯವರು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರು. ಕೇಳೋಕೆ ಕಮ್ಮಿ, ವರ್ಷಕ್ಕೆ ಶೇ 24 ಆಯ್ತಲ್ವಾ!

ಬ್ಯಾಂಕಿನಲ್ಲಿ ನಮ್ಮೆದುರೇ ಒಡವೆ ಉಜ್ಜಿ ನೋಡಿ ತೂಕ ಹಾಕಿದರು. ಸರದಲ್ಲಿದ್ದ ಹವಳದ ತೂಕ ಕಳೆದರು. ಮೇಕಿಂಗ್ ಚಾರ್ಜು ಲೆಕ್ಕಕ್ಕೇ ಇಲ್ಲ. ಅಮ್ಮನಿಗೆ ಅದೇ ಬೇಜಾರು.

ಆರ್‌ಬಿಐನ 2025ರ ನಿಯಮದಲ್ಲಿ 2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರವರೆಗೆ ಕೊಡಬಹುದು. ಆದರೆ ಕೊನೆಗೆ ಒಟ್ಟಿಗೆ ತೀರಿಸುವ ಸಾಲವಾದರೆ ಆಗ ಕಟ್ಟಬೇಕಾದ ಬಡ್ಡಿಯೂ ಆ ಮಿತಿಯೊಳಗೇ ಸೇರುತ್ತದೆ. ಹಾಗಾಗಿ ಕೈಗೆ ಬರುವುದು ಸ್ವಲ್ಪ ಕಮ್ಮಿ. ಸಾಲ ತೀರಿದ ಮೇಲೆ ಬ್ಯಾಂಕಿನ ತಪ್ಪಿನಿಂದ ಒಡವೆ ಕೊಡೋದು 7 ಕೆಲಸದ ದಿನ ದಾಟಿದರೆ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕಂತೆ. ಫೀಸು ಕಟ್ಟಿಯಾಯಿತು.